ಕುಣಿಗಲ್ ಲಾಯದಲ್ಲಿ ಕಲಿತದ್ದು, ಆನೆಗೊಂದಿಯಲ್ಲಿ ಮಾಡಿದ್ದು

ನಮ್ಮೂರು ಗಂಗಾವತಿ. ಭತ್ತದ ಸೀಮೆ. ಎತ್ತು, ಎಮ್ಮೆ ಗೊತ್ತು. ಕುದುರೆ ಅಂದರೆ ಬಸ್ ಸ್ಟ್ಯಾಂಡ್ ಮುಂದಿನ ಟಾಂಗಾದ್ದು ಅಷ್ಟೆ. ಹೆಬ್ಬಾಳದಲ್ಲಿ ಪಶುವೈದ್ಯ ಓದಿ, 80ರ ದಶಕದಲ್ಲಿ ಕುಣಿಗಲ್ ಸ್ಟಡ್ ಫಾರ್ಮ್‌ಗೆ ಹೋದಾಗ ಮೊದಲ ವಾರ ಕುದುರೆಯ ಹಿಂಗಾಲಿನ ಹತ್ತಿರ ನಿಲ್ಲಲೂ ಎದೆ ಡವಗುಟ್ಟುತ್ತಿತ್ತು.

ಟಿಪ್ಪುವಿನ ಕಾಲದಲ್ಲಿ ದಂಡಿನ ಕುದುರೆಗೆಂದು ಬೆಳೆದ ಜಾಗ ಅದು. 1799ರ ನಂತರ ಬ್ರಿಟಿಷರ ದಂಡಿಗೆ ದುಡಿಯಿತು. ನಾನು ಹೋಗುವ ಹೊತ್ತಿಗೆ ರೇಸಿನ ಥರೋಬ್ರೆಡ್ ತಳಿಗಳದ್ದೇ ರಾಜ್ಯ. 1992ರಲ್ಲಿ ಖಾಸಗಿ ಕಂಪನಿಗೆ ಗುತ್ತಿಗೆ ಹೋಯಿತು. ಅಷ್ಟರಲ್ಲಿ ನಾನು ವರ್ಗ ಹಾಕಿಸಿಕೊಂಡು ಊರು ಸೇರಿದ್ದೆ. ಆಗಿನ್ನೂ ನಮ್ಮದು ರಾಯಚೂರು ಜಿಲ್ಲೆ.

ಥರೋಬ್ರೆಡ್‌ಗೆ ಕೃತಕ ಗರ್ಭಧಾರಣೆ ಮಾಡಿದರೆ ಮರಿಗೆ ನೋಂದಣಿಯೇ ಇಲ್ಲ. ಹಾಗಾಗಿ ಗಂಡನ್ನೇ ಬಿಡಬೇಕು. ಹೆಣ್ಣು ಬೆದೆಗೆ ಬಂದಿದೆಯೋ ಇಲ್ಲವೋ ನೋಡಲು ಒಂದು ಸಾಧಾರಣ ಗಂಡುಗುದುರೆಯನ್ನು ಮೊದಲು ಹತ್ತಿರ ಬಿಡುವುದು, ಅದಕ್ಕೆ ಟೀಸರ್ ಅಂತ ಹೆಸರು. ಹೆಣ್ಣು ಒಲಿದ ತಕ್ಷಣ ಟೀಸರನ್ನು ಎಳೆದು ಲಾಯಕ್ಕೆ ಕಟ್ಟುತ್ತಾರೆ, ಬೆಲೆಯುಳ್ಳ ಗಂಡು ಬರುತ್ತದೆ. ಇಡೀ ಫಾರ್ಮಿನಲ್ಲಿ ನನಗೆ ಪಾಪ ಅನ್ನಿಸುತ್ತಿದ್ದದ್ದು ಅದೊಂದನ್ನು ಕಂಡರೆ ಮಾತ್ರ.

ಗಬ್ಬ ಸುಮಾರು 11 ತಿಂಗಳು. ದಿನ ತುಂಬಿದರೂ ಹೆಣ್ಣುಗುದುರೆ ಜನರೆದುರು ಈಯಲು ಒಲ್ಲದು, ನಟ್ಟಿರುಳಿಗೆ ಕಾಯುತ್ತದೆ. ಕುದುರೆ ನೋಡಿಕೊಳ್ಳುವ ಹಳೆಯ ಸಾಯಿಸ್‌ಗಳು ಮೊಲೆ ತುದಿ ನೋಡುತ್ತಿದ್ದರು. ಅಲ್ಲಿ ಮೇಣದಂಥ ಹನಿ ಕಟ್ಟಿತೆಂದರೆ ಕಂಬಳಿ ಹೊದ್ದು ಕತ್ತಲಲ್ಲಿ ಕೂತುಬಿಡುತ್ತಿದ್ದರು, ಬೀಡಿ ಕೂಡ ಹಚ್ಚದೆ.

ಊರಿಗೆ ಬಂದ ಮೇಲೆ ಕುಣಿಗಲ್ಲಿನಲ್ಲಿ ಕಲಿತದ್ದು ಬೇಕಾದದ್ದು ಒಂದೇ ಒಂದು ಸಲ. ಆನೆಗೊಂದಿ ರಸ್ತೆಯ ಟಾಂಗಾದ ಚಾಚಾ ರಾತ್ರಿ ಬಂದು ಬಾಗಿಲು ಬಡಿದರು. ನಾವು ಹೋಗಿ ಸ್ವಲ್ಪ ಹೊತ್ತಿಗೆ, 11:40ಕ್ಕೆ ನೀರುಚೀಲ ಒಡೆಯಿತು. ಅಕ್ಕಪಕ್ಕದವರು ಹಗ್ಗ ಹಿಡಿದು ನಿಂತಿದ್ದರು.

"ಎಮ್ಮಿಗೆ ಹಗ್ಗ ಹಾಕಿ ಜಗ್ಗತೀವಲ್ರಿ ಡಾಕ್ಟ್ರ, ಇದಕ್ಕ್ಯಾಕ ಬ್ಯಾಡ?"

"ಅರ್ಧ ತಾಸು ತಡ್ಕೊಳ್ರಿ. ಒಂದು ಗೊರಸು ಮುಂದ, ಒಂದು ಹಿಂದ, ಮ್ಯಾಲೆ ಮೂತಿ. ಸರಿಯಾಗೇ ಬರಾಕತ್ತೇತಿ."

12:05ಕ್ಕೆ ಮರಿ ನೆಲಕ್ಕೆ. ಹೊಕ್ಕುಳಬಳ್ಳಿ ಕೊಯ್ಯಲಿಲ್ಲ, ತಾಯಿ ಏಳುವಾಗ ತಾನೇ ಹರಿಯಿತು, ಅಯೋಡಿನ್ ಹಚ್ಚಿದೆ. ಒಂದು ತಾಸಿಗೆ ನಿಲ್ಲಬೇಕು, ಎರಡಕ್ಕೆ ಹಾಲು ಹಿಡಿಯಬೇಕು, ಮೂರಕ್ಕೆ ಸತ್ತೆ, ಅಂದರೆ ಮಾಸು, ಬೀಳಬೇಕು: ಕುಣಿಗಲ್ಲಿನ ಲೆಕ್ಕ ಇದು. ಮೂರು ಸಲ ಮುಗ್ಗರಿಸಿ ಮರಿ ನಿಂತಿತು. ಗಿಣ್ಣುಹಾಲಿಗೆ ಮಾತ್ರ ತಾಯಿಯ ಮುಂಗಾಲಿನ ಸಂದಿಯಲ್ಲೇ ಹುಡುಕುತ್ತಿತ್ತು. ರೋಗ ತಡೆಯುವ ಶಕ್ತಿ ಗರ್ಭದಲ್ಲಿ ಬರುವುದಿಲ್ಲ, ಆ ಹಾಲಿನಲ್ಲೇ ಬರಬೇಕು. ಎರಡು ತಾಸು ದಾಟಿತೆಂದು ಚೆಂಬಿಗೆ ಕರೆಯಲು ಕೂರುವಷ್ಟರಲ್ಲಿ ಬಾಯಿ ಹಾಕಿತು.

ಸತ್ತೆ ಕಾಯುವಾಗಲೇ ಭಯ. ಹಸುವಿಗಾದರೆ ಅರ್ಧ ದಿನ ಕಾಯಬಹುದು. ಕುದುರೆಗೆ ತಡವಾದರೆ ನಂಜೇರಿ ಗೊರಸಿಗೇ ಹೊಡೆತ. ಹೊಳೆಯಾಚೆ ಹಂಪಿ. ಮಹಾನವಮಿ ದಿಬ್ಬದ ತುಂಬ ಕುದುರೆ ಕೆತ್ತಿಸಿದ ಆ ರಾಜರು ಕಡಲಾಚೆಯಿಂದ ಕುದುರೆ ಕೊಂಡವರು. ಸಾಳುವ ನರಸಿಂಹ ಹಡಗಿನಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ದುಡ್ಡು ಕೊಡುತ್ತಿದ್ದನೆಂದು ಪೋರ್ಚುಗೀಸಿನ ನ್ಯೂನಿಜ್ ಬರೆದಿದ್ದಾನೆ. ಅದನ್ನು ಹೇಳಿದರೆ ಚಾಚಾ, "ನನ್ನ ಟಾಂಗಾಕ್ಕ ಬಾಲ ಕಟ್ಟಲೇನ್ರಿ?" ಅಂದರು.

2:50ಕ್ಕೆ ಸತ್ತೆ ಬಿತ್ತು. ಗೋಣಿಚೀಲದ ಮೇಲೆ ಹರವಿ ಗರ್ಭಕೋಶದ ಎರಡು ಕವಲಿನಲ್ಲಿದ್ದ ಅದರ ಎರಡೂ ತುದಿ ಹರಿಯದೆ ಬಂದಿದೆಯೇ ಎಂದು ನೋಡಿದೆ. ಬಂದಿತ್ತು.

ಹಳೆಯ ಚಾಳಿ, ಚೀಟಿ ಮೇಲೆ ಮರಿಯ ಗುರುತು ಬರೆಯತೊಡಗಿದೆ: ಹಣೆಯಲ್ಲಿ ಬಿಳಿ ಚುಕ್ಕೆ, ಕುತ್ತಿಗೆಯ ಸುಳಿ. ಸ್ಟಡ್ಡಿನಲ್ಲಿ ಸುಳಿ ಅಂದರೆ ಮನುಷ್ಯರ ಹೆಬ್ಬೆಟ್ಟಿನ ಗುರುತಿದ್ದಂತೆ. ಚಾಚಾ ಟಾರ್ಚ್ ಹಿಡಿದು ಅದೇ ಸುಳಿಯನ್ನು ಬೆರಳಲ್ಲಿ ತಡವುತ್ತಿದ್ದರು. "ಚಲೋ ಸುಳೀನರಿ" ಅಂದರು, ಆಮೇಲೆ ನನ್ನ ಚೀಟಿ ಇಸಿದುಕೊಂಡು ಟೊಪ್ಪಿಗೆಯೊಳಗೆ ಮಡಚಿಟ್ಟರು.