ತಣ್ಣಗಾದ ಕೋಳಿಮರಿ: ಮೊದಲು ಬಿಸಿ, ಆಮೇಲೆ ನೀರು, ತೀರ್ಮಾನ ಕೊನೆಗೆ

ಜೂನ್ ಮಳೆ ಹಿಡಿದರೆ ಸಾಕು, ನಮ್ಮ ಕಡೆ ಪ್ರತಿ ವರ್ಷ ಇದನ್ನು ನೋಡುತ್ತೇನೆ. ಹೇಂಟೆ ಹತ್ತು ಹನ್ನೆರಡು ಮರಿ ಕಟ್ಟಿಕೊಂಡು ಕಾಫಿ ಗಿಡದ ಬುಡ ಕೆದಕುತ್ತಾ ಮುಂದೆ ಹೋಗಿರುತ್ತದೆ. ಒಂದು ಮರಿ ಮಾತ್ರ ಹಿಂದೆ ಉಳಿದು, ರೆಕ್ಕೆ ಜೋಲು ಬಿಟ್ಟುಕೊಂಡು, ಕಣ್ಣು ಮುಚ್ಚಿ ನಿಂತಿರುತ್ತದೆ. ಸಂಜೆ ಎತ್ತಿಕೊಂಡರೆ ಒದ್ದೆ ಹತ್ತಿ ಹಿಡಿದ ಹಾಗೆ, ಅಷ್ಟು ತಣ್ಣಗೆ. ಆಗ ಮನೆಯಲ್ಲಿ ಒಬ್ಬರು "ಬಿಡಿ, ಅದು ಹೋಯ್ತು" ಎಂದು ಮೂಲೆಗೆ ಹಾಕುತ್ತಾರೆ. ಇನ್ನೊಬ್ಬರು ಕನಿಕರಪಟ್ಟು ಕೊಕ್ಕು ಬಿಡಿಸಿ ಚಮಚದಲ್ಲಿ ನೀರು ಸುರಿಯುತ್ತಾರೆ. ಬದುಕಬಹುದಾಗಿದ್ದ ಎಷ್ಟೋ ಮರಿಗಳು ಈ ಎರಡು ಕೈಗಳಲ್ಲೇ ಸತ್ತಿವೆ. ಕೊಡಗಿನ ಪೊನ್ನಂಪೇಟೆ ಹತ್ತಿರದ ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಕೋಳಿ ಸಾಕುತ್ತಿದ್ದೇನೆ. ಎರಡೂ ತಪ್ಪನ್ನು ನಾನೂ ಮಾಡಿದ್ದೇನೆ. ಆದ್ದರಿಂದ ಕೆಲಸದ ಕ್ರಮವನ್ನು ಬರೆದಿಡಬೇಕು ಅನ್ನಿಸಿತು.

ಹೆಜ್ಜೆ 1: ಬೇರೆ ಮಾಡಿ

ರಟ್ಟಿನ ಪೆಟ್ಟಿಗೆ, ಅಡಿಗೆ ಹಳೆಯ ಟವೆಲು. ಪೇಪರ್ ಹಾಸಬೇಡಿ, ಮರಿಯ ಕಾಲು ಜಾರಿ ಅಗಲಿಸಿಕೊಳ್ಳುತ್ತದೆ. ಉಳಿದ ಕೋಳಿಗಳ ಕೆಲಸ ಮುಗಿಸಿದ ಮೇಲೆಯೇ ಇದನ್ನು ಮುಟ್ಟಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಹೆಜ್ಜೆ 2: ಬಿಸಿ

ಮೊದಲ ವಾರದ ಮರಿಗೆ ಸುತ್ತಲಿನ ಗಾಳಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸುತ್ತಾ ಬರಬಹುದು. ಜುಲೈ ತಿಂಗಳ ಮಡಿಕೇರಿಯಲ್ಲಿ ಮಧ್ಯಾಹ್ನಕ್ಕೂ ನಾವು ಸ್ವೆಟರ್ ತೆಗೆಯುವುದಿಲ್ಲ. ಅದೇ ಗಾಳಿಯಲ್ಲಿ ನಲವತ್ತು ಗ್ರಾಂ ತೂಗುವ, ರೆಕ್ಕೆ ಬಲಿಯದ, ಮೈ ಒದ್ದೆಯಾದ ಮರಿಯ ಗತಿ ಏನಾಗಬೇಕು?

ತಣ್ಣಗಾದ ಮರಿ ಸತ್ತ ಮರಿಯಂತೆಯೇ ಕಾಣುತ್ತದೆ. ಕತ್ತು ಬಿದ್ದಿರುತ್ತದೆ, ಕಾಲು ಸೆಟೆದಿರುತ್ತದೆ, ಉಸಿರು ಕಣ್ಣಿಗೆ ಬೀಳುವುದೇ ಇಲ್ಲ. ಮೈ ಬೆಚ್ಚಗಾಗುವ ತನಕ ಅದು ಸತ್ತಿದೆ ಎಂದಾಗಲಿ, ಉಳಿಯುವುದಿಲ್ಲ ಎಂದಾಗಲಿ ಹೇಳಲೇಬೇಡಿ.

ಒದ್ದೆಯಿದ್ದರೆ ಮೊದಲು ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಆಮೇಲೆ ಅರ್ಧ ಲೀಟರಿನ ಬಾಟಲಿಗೆ ಕೈ ಇಟ್ಟರೆ ಹಿತವಾಗುವಷ್ಟು ಬಿಸಿನೀರು ತುಂಬಿ, ಹಳೆಯ ಕಾಲುಚೀಲದೊಳಗೆ ಹಾಕಿ ಮರಿಯ ಪಕ್ಕಕ್ಕಿಡಿ. ಪೆಟ್ಟಿಗೆಯ ಒಂದು ಬದಿ ಮಾತ್ರ ಬೆಚ್ಚಗಿರಲಿ. ಚೇತರಿಸಿಕೊಂಡ ಮರಿಗೆ ಸೆಕೆಯಾದರೆ ಇನ್ನೊಂದು ಬದಿಗೆ ಸರಿಯಲು ಜಾಗ ಬೇಕು. ಒಂದೂವರೆ ಗಂಟೆಗೊಮ್ಮೆ ನೀರು ಬದಲಿಸಲೇಬೇಕು. ಆರಿದ ಬಾಟಲಿ ಮರಿಗೆ ಬಿಸಿ ಕೊಡುವ ಬದಲು ಮರಿಯ ಬಿಸಿಯನ್ನೇ ಹೀರುತ್ತದೆ. ರಾತ್ರಿ ಬಾಟಲಿ ಇಟ್ಟು ಮಲಗಿದವರಿಗೆ ಬೆಳಿಗ್ಗೆ ಸೆಟೆದ ಮರಿ ಸಿಗುವುದು ಇದರಿಂದಲೇ.

ಬಲ್ಬ್ ಹಾಕುವವರಿಗೆ ಒಂದು ಮಾತು: ಎಲ್‌ಇಡಿ ಬಲ್ಬಿನಿಂದ ಬೆಳಕು ಬರುತ್ತದೆ, ಕಾವು ಬರುವುದಿಲ್ಲ. ತಂತಿ ಕೆಂಪಗೆ ಉರಿಯುವ ಹಳೆಯ ಕಾಲದ 60 ವ್ಯಾಟಿನ ಬಲ್ಬೇ ಬೇಕು. ಅಂಗಡಿಯಲ್ಲಿ ಕೇಳಿ ಇಟ್ಟುಕೊಳ್ಳಿ. ಅದನ್ನು ಮರಿಯಿಂದ ಒಂದೂವರೆ ಅಡಿ ಮೇಲೆ ಗಟ್ಟಿಯಾಗಿ ಕಟ್ಟಿ, ಬಿದ್ದರೆ ರಟ್ಟು ಹೊತ್ತಿಕೊಳ್ಳುತ್ತದೆ. ಕರೆಂಟು ಹೋದರೆ ಎರಡು ದಿನ ಬಾರದ ಊರುಗಳಲ್ಲಿ ನನ್ನ ಆಯ್ಕೆ ಬಾಟಲಿಯೇ. ಬಚ್ಚಲ ಒಲೆಯ ಹಂಡೆಯಲ್ಲಿ ನೀರು ಹೇಗೂ ಕಾದೇ ಇರುತ್ತದೆ. ಮಡಕೆಯಲ್ಲಿ ಕೆಂಡ ತುಂಬಿ, ಬಾಗಿಲು ಮುಚ್ಚಿದ ಕೋಣೆಯಲ್ಲಿಡುವ ಹಳೆಯ ರೂಢಿಯನ್ನು ದಯವಿಟ್ಟು ಬಿಡಿ. ಕೆಂಡದ ವಿಷಗಾಳಿಗೆ ಮರಿ ಸಾಯುತ್ತದೆ, ಅದೇ ಕೋಣೆಯಲ್ಲಿ ಮಲಗಿದ ಮನುಷ್ಯರ ಜೀವಕ್ಕೂ ಅಪಾಯ.

ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ಕಾಯಿರಿ. ಕಾಲು ಮುಟ್ಟಿ ನೋಡಿ. ಕಾಲು ಬೆಚ್ಚಗಾಗದೆ ಮುಂದಿನ ಹೆಜ್ಜೆಗೆ ಹೋಗಬಾರದು.

ಹೆಜ್ಜೆ 3: ನೀರು. ಎಲ್ಲರೂ ಎಡವುವುದು ಇಲ್ಲಿ

ಕೋಳಿಯ ನಾಲಿಗೆಯ ಹಿಂದೆ, ಬಾಯಿಯ ತಳದಲ್ಲಿ ಒಂದು ಸಣ್ಣ ಸೀಳು ಇದೆ. ಅದು ಶ್ವಾಸನಾಳದ ಬಾಯಿ. ಕೊಕ್ಕು ಬಿಡಿಸಿ ನೀರು ಸುರಿದರೆ ಅದು ನೇರ ಅಲ್ಲಿಗೆ ಇಳಿಯುತ್ತದೆ. ಗಟ್ಟಿಮುಟ್ಟಾದ ಮರಿ ಕೆಮ್ಮಿ ಕೊಡವಿಕೊಂಡೀತು. ನಿತ್ರಾಣವಾದ ಮರಿ ಸದ್ದಿಲ್ಲದೆ ಮುಳುಗುತ್ತದೆ.

ನನ್ನ ಕೈಯಲ್ಲೂ ಹಾಗೊಂದು ಹೋಯಿತು. ಸಿರಿಂಜ್ ಇದ್ದರೆ ಅಳತೆ ಸರಿಯಾಗಿರುತ್ತದೆ ಎಂದುಕೊಂಡು ಒಂದು ಎಂಎಲ್ ನೀರನ್ನು ಒಮ್ಮೆಗೇ ಒತ್ತಿದೆ. ಮೂಗಿನ ತೂತಿನಲ್ಲಿ ಗುಳ್ಳೆ ಬಂತು. ಎರಡು ಸಲ ಬಾಯಿ ತೆರೆಯಿತು, ಮುಗಿಯಿತು. ಅದಕ್ಕೂ ಮೊದಲು ಅರ್ಧ ಗಂಟೆ ಅದು ನನ್ನ ಅಂಗೈಯ ಬಿಸಿಗೆ ಚೇತರಿಸಿಕೊಂಡು ಚಿಂವ್ ಎಂದಿತ್ತು.

ಸರಿಯಾದ ರೀತಿ ಹೀಗೆ. ಮರಿಯನ್ನು ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ತಲೆ ಸಹಜವಾಗಿ ನೆಟ್ಟಗಿರುವಂತೆ ಹಿಡಿದುಕೊಳ್ಳಿ. ಬೆರಳ ತುದಿಯನ್ನೋ ಡ್ರಾಪರನ್ನೋ ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ, ಒಂದೇ ಒಂದು ಹನಿಯನ್ನು ಕೊಕ್ಕಿನ ಪಕ್ಕಕ್ಕೆ, ಮೇಲಿನ ಕೊಕ್ಕೂ ಕೆಳಗಿನದೂ ಕೂಡುವ ಗೆರೆಗೆ ಮುಟ್ಟಿಸಿ. ಹನಿ ಆ ಗೆರೆಯುದ್ದಕ್ಕೂ ತಾನೇ ಹರಡಿಕೊಳ್ಳುತ್ತದೆ. ಈಗ ಸುಮ್ಮನೆ ಕಾಯಿರಿ. ಕೊಕ್ಕು ಒಮ್ಮೆ ಸಣ್ಣಗೆ ಅಲುಗುತ್ತದೆ, ನಾಲಿಗೆ ಆಡುತ್ತದೆ, ಮರಿ ತಲೆ ಮೇಲೆತ್ತುತ್ತದೆ, ಗಂಟಲಲ್ಲಿ ಒಂದು ಚಿಕ್ಕ ಏರಿಳಿತ ಕಾಣುತ್ತದೆ. ಅದೇ ನುಂಗಿದ ಗುರುತು. ಅದು ಕಂಡ ಮೇಲೆಯೇ ಎರಡನೇ ಹನಿ. ನಾಲ್ಕೈದು ಹನಿಗೆ ನಿಲ್ಲಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಕೊಡಿ. ಹನಿ ಮುಟ್ಟಿಸಿದರೂ ನುಂಗದಿದ್ದರೆ ಒತ್ತಾಯ ಬೇಡ. ಮತ್ತೆ ಬಿಸಿಗೆ ಇಡಿ.

ನೀರಿಗೆ ಏನು ಬೆರೆಸಬೇಕು? ಒಂದು ಲೀಟರಿಗೆಂದು ಇರುವ ಓಆರ್‌ಎಸ್ ಪೊಟ್ಟಣವನ್ನು ಎರಡು ಲೀಟರ್ ನೀರಿಗೆ ಕಲಸಿ. ಅದಿಲ್ಲದಿದ್ದರೆ ಒಂದು ಲೋಟಕ್ಕೆ ಒಂದು ಟೀ ಚಮಚ ಸಕ್ಕರೆ. ಉಪ್ಪನ್ನು ಅಂದಾಜಿನ ಮೇಲೆ ಹಾಕಬೇಡಿ, ಮರಿಗಳಿಗೆ ಉಪ್ಪು ಬೇಗ ವಿಷವಾಗುತ್ತದೆ. ಎರಡು ಹನಿ ಬ್ರಾಂಡಿ ಹಾಕಿದರೆ ಮೈ ಕಾಯುತ್ತದೆ ಎನ್ನುವವರು ನಮ್ಮ ಜಿಲ್ಲೆಯಲ್ಲಿ ಮನೆಗೊಬ್ಬರಿದ್ದಾರೆ. ಸಾರಾಯಿ ಮೈಯ ಬಿಸಿಯನ್ನು ಹೊರಗೆ ಬಿಡುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಕರಿಮೆಣಸಿನ ಕಾಳನ್ನು ಗಂಟಲಿಗೆ ತುರುಕುವುದೂ ಬೇಡ. ನಮ್ಮತ್ತೆ ಹಾಗೆ ಮಾಡುತ್ತಿದ್ದರು. ಮೆಣಸು ತಿಂದೂ ಉಳಿದ ಮರಿಗಳು ಅವರಿಗೆ ನೆನಪಿರುತ್ತಿದ್ದವು, ಹೋದವು ನೆನಪಿರುತ್ತಿರಲಿಲ್ಲ.

ಹೆಜ್ಜೆ 4: ಹಿಂಭಾಗ ನೋಡಿ

ಗುದದ ಸುತ್ತ ಹಿಕ್ಕೆ ಗಟ್ಟಿಯಾಗಿ ಅಂಟಿಕೊಂಡು ದಾರಿ ಮುಚ್ಚಿದರೆ ಮರಿ ಎರಡು ದಿನದಲ್ಲಿ ಸಾಯಬಹುದು. ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯನ್ನು ಅದರ ಮೇಲೆ ಎರಡು ಮೂರು ನಿಮಿಷ ಒತ್ತಿ ಹಿಡಿದರೆ ಮೆತ್ತಗಾಗಿ ತಾನೇ ಬಿಡುತ್ತದೆ. ಎಳೆದರೆ ಚರ್ಮವೂ ಕಿತ್ತು ಬರುತ್ತದೆ. ಸ್ವಚ್ಛವಾದ ಮೇಲೆ ಪೂರ್ತಿ ಒಣಗಿಸಿ, ಒಂದು ಹನಿ ತೆಂಗಿನೆಣ್ಣೆ ಸವರಿ. ಒಂದು ಎಚ್ಚರಿಕೆ: ಗುದ ಬಾಲದ ಕೆಳಗಿರುತ್ತದೆ, ಹೊಕ್ಕುಳು ಅದಕ್ಕಿಂತ ಮುಂದೆ, ಹೊಟ್ಟೆಯ ಮೇಲಿರುತ್ತದೆ. ಎಳೆಯ ಮರಿಯ ಹೊಕ್ಕುಳಲ್ಲಿ ಒಣಗಿದ ಕಪ್ಪು ಚುಕ್ಕೆ ಇರುವುದು ಸಹಜ. ಅದನ್ನು ಹಿಕ್ಕೆ ಎಂದುಕೊಂಡು ಕಿತ್ತವರನ್ನು ನೋಡಿದ್ದೇನೆ. ಕರುಳೇ ಹೊರಬಂತು.

ಹೆಜ್ಜೆ 5: ತಿನಿಸು

ನಿಂತು, ತಾನಾಗಿ ನೀರು ಕುಡಿದ ಮೇಲೆ ಮಾತ್ರ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿ ಮಾಡಿ ಚಿಟಿಕೆಯಷ್ಟು ಮುಂದಿಡಿ. ಮೊಟ್ಟೆಯೊಡೆದು ಎರಡು ದಿನದೊಳಗಿನ ಮರಿಗೆ ಹೊಟ್ಟೆಯೊಳಗೇ ಮೊಟ್ಟೆಯ ಹಳದಿಯ ಬುತ್ತಿ ಇರುತ್ತದೆ, ಗಾಬರಿ ಬೇಡ.

ಕಾಯಿಲೆ ಯಾವುದು

ಮೂರು ವಾರದಿಂದ ಆರು ವಾರದ ಮರಿ ಮುದುಡಿ ಕೂತು ರಕ್ತ ಬೆರೆತ ಹಿಕ್ಕೆ ಹಾಕಿದರೆ ಅದು ಬಹುಮಟ್ಟಿಗೆ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ. ಗೂಡಿನ ಹೊಟ್ಟು ಒದ್ದೆಯಾದರೆ ಇದು ಹಬ್ಬುತ್ತದೆ, ಅಂದರೆ ನಮ್ಮ ಇಡೀ ಮಳೆಗಾಲ ಇದರದ್ದೇ. ಪಶುವೈದ್ಯರು ಆಂಪ್ರೋಲಿಯಂ ಎಂಬ ಔಷಧಿ ಕೊಟ್ಟರೆ ಬಹಳಷ್ಟು ಮರಿ ಉಳಿಯುತ್ತವೆ. ಅದು ನಡೆಯುತ್ತಿರುವಾಗ ಬಿ ವಿಟಮಿನ್ ಟಾನಿಕ್ ಹಾಕಬೇಡಿ. ಆಂಪ್ರೋಲಿಯಂ ಕೆಲಸ ಮಾಡುವುದೇ ರೋಗಾಣುವಿಗೆ ಬಿ1 ಸಿಗದ ಹಾಗೆ ತಡೆದು. ಕತ್ತು ತಿರುಚಿ, ಹಸಿರು ಭೇದಿಯಾಗಿ, ಉಸಿರು ಕಟ್ಟಿ ಒಂದರ ಹಿಂದೆ ಒಂದು ಬೀಳುತ್ತಿದ್ದರೆ ಕೊಕ್ಕರೆ ರೋಗದ ಅನುಮಾನ. ರಾಣಿಖೇತ್ ಎಂದು ಕರೆಯುವುದೂ ಅದನ್ನೇ. ಅದಕ್ಕೆ ಔಷಧಿ ಇಲ್ಲ, ಮೊದಲ ವಾರದಲ್ಲೇ ಕಣ್ಣಿಗೆ ಹನಿ ಹಾಕುವ ಲಸಿಕೆ ಮಾತ್ರ ಇದೆ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದ ಬೆಳೆದ ಮರಿಯಾದರೆ ಮರೆಕ್ಸ್ ಎಂಬ ವೈರಸ್ ಕಾಯಿಲೆ ಇರಬಹುದು. ಅದಕ್ಕೂ ಔಷಧಿ ಇಲ್ಲ.

ಒಮ್ಮೆ ಒಂದು ಔಷಧಿ ಅಂಗಡಿಯಲ್ಲಿ ದನಕ್ಕೆ ಕೊಡುವ ಆಂಟಿಬಯೋಟಿಕ್ ಪುಡಿಯನ್ನು "ಕೋಳಿಗೂ ಆಗ್ತದೆ" ಎಂದು ಕೊಟ್ಟರು. ಎಷ್ಟು ಹಾಕಬೇಕು ಎಂದರೆ ಅವರಿಗೂ ಗೊತ್ತಿರಲಿಲ್ಲ. ಅಂಥದ್ದನ್ನು ಕೊಳ್ಳಬೇಡಿ. ತಾಲ್ಲೂಕಿನ ಪಶು ಆಸ್ಪತ್ರೆಗೆ ಹೋಗಿ, ಇಲ್ಲವೇ ಪಶುಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆ ಮಾಡಿ. "ಒಂದು ಕೋಳಿಮರಿಗೆ ಡಾಕ್ಟರಾ?" ಎಂದು ನಕ್ಕರೆ ನಗಲಿ.

ಹೆಜ್ಜೆ 6: ತೀರ್ಮಾನ

ಕೋಳಿ ಸಾರಿಲ್ಲದೆ ಕಕ್ಕಡ ಎಂಬ ಮಳೆಗಾಲದ ತಿಂಗಳು ಕಳೆಯದ ನಾಡು ನಮ್ಮದು. ಕೋಳಿ ಕೊಯ್ಯಲು ಬಾರದ ಮನೆ ಕಡಿಮೆ. ಆದರೂ ನರಳುವ ಮರಿಯ ಮುಂದೆ ಅದೇ ಕೈಗಳು ಹಿಂಜರಿಯುತ್ತವೆ, "ತಾನಾಗಿ ಹೋಗಲಿ" ಎಂದು ಮೂರು ದಿನ ಬಿಡುತ್ತವೆ. ಆ ಮೂರು ದಿನ ನಮ್ಮ ಸಮಾಧಾನಕ್ಕೆ, ನೋವು ಮಾತ್ರ ಮರಿಯದು.

ನಾನು ಇಟ್ಟುಕೊಂಡಿರುವ ಗಡುವು ಒಂದು ಹಗಲು, ಒಂದು ರಾತ್ರಿ. ಬಿಸಿ ಮತ್ತು ನೀರು ಸರಿಯಾಗಿ ಸಿಕ್ಕ ಮರಿ ಅಷ್ಟರಲ್ಲಿ ಏನಾದರೂ ಒಂದು ಗುರುತು ಕೊಡುತ್ತದೆ: ಕೂಗುತ್ತದೆ, ತಲೆ ಎತ್ತುತ್ತದೆ, ಹನಿಗಾಗಿ ಕೊಕ್ಕು ಚಾಚುತ್ತದೆ. ಒಂದು ಗುರುತು ಕಂಡರೂ ಇನ್ನೊಂದು ದಿನ ಕೊಡಿ. ಕಾಲು ಸೊಟ್ಟಗಿದೆ, ಒಂದು ಕಣ್ಣು ಕಾಣದು ಎಂಬುದೆಲ್ಲ ಕೊಲ್ಲಲು ಕಾರಣವಲ್ಲ. ಅಗಲಿಸಿದ ಕಾಲನ್ನು ಮೊದಲ ಎರಡು ಮೂರು ದಿನದಲ್ಲಿ ಬ್ಯಾಂಡೇಜ್ ಪಟ್ಟಿಯಿಂದ, ಮರಿ ನಿಲ್ಲುವ ಅಳತೆಗೆ ಎರಡೂ ಸೇರಿಸಿ ಕಟ್ಟಿದರೆ ಸರಿಹೋಗುತ್ತದೆ. ನಮ್ಮ ಒಂದು ಕಣ್ಣಿನ ಹೇಂಟೆ ಎರಡು ಸಲ ಕಾವಿಗೆ ಕೂತಿದೆ.

ಮತ್ತೆ ಮತ್ತೆ ಬಿಸಿಗೆ ಇಟ್ಟ ಮೇಲೂ ನುಂಗಲಾಗದಿದ್ದರೆ, ಬಾಯಿ ತೆರೆದೇ ಏದುತ್ತಿದ್ದರೆ, ಕತ್ತು ಬೆನ್ನ ಮೇಲೆ ತಿರುಚಿ ಸೆಳೆತ ಬರುತ್ತಲೇ ಇದ್ದರೆ, ಕರುಳು ಹೊರಬಂದಿದ್ದರೆ ಗಡುವಿನವರೆಗೂ ಕಾಯಬೇಡಿ, ಅದರ ನೋವು ಮುಗಿಸಿ.

ಪಶುವೈದ್ಯರ ಹತ್ತಿರ ಒಯ್ಯಲು ಆಗುವುದಾದರೆ ಅದೇ ಒಳ್ಳೆಯದು. ಆಗದಿದ್ದರೆ ಕೈ ಪಳಗಿದವರನ್ನು ಕರೆಯಿರಿ. ಒಂದು ಕೈಯಲ್ಲಿ ಕಾಲುಗಳನ್ನು ಹಿಡಿದು, ಇನ್ನೊಂದು ಕೈಯ ಎರಡು ಬೆರಳ ನಡುವೆ ತಲೆಯ ಹಿಂಭಾಗವನ್ನು ಹಿಡಿದು, ತಲೆಯನ್ನು ಹಿಂದಕ್ಕೆ ಬಾಗಿಸುತ್ತಾ ಒಂದೇ ಗಟ್ಟಿ ಎಳೆತಕ್ಕೆ ಕತ್ತಿನ ಮೂಳೆ ಬಿಡಿಸುವುದು ಸರಿಯಾದ ಕ್ರಮ. ಅರೆಮನಸ್ಸಿನ ಎಳೆತ ಕ್ರೌರ್ಯ. ಧೈರ್ಯ ಇಲ್ಲದವರು ಕೈ ಹಾಕಬೇಡಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆಮೇಲೆ ಕೆಲವು ಕ್ಷಣ ರೆಕ್ಕೆ ಬಡಿಯುತ್ತದೆ. ಅದು ನರಗಳ ಅದುರು, ಅಷ್ಟರಲ್ಲಿ ನೋವು ತಿಳಿಯುವ ಸ್ಥಿತಿ ದಾಟಿರುತ್ತದೆ. ಕಣ್ಣುಗುಡ್ಡೆಯನ್ನು ಮೆಲ್ಲಗೆ ಮುಟ್ಟಿದರೂ ರೆಪ್ಪೆ ಆಡದಿದ್ದರೆ, ಉಸಿರೂ ಎದೆಬಡಿತವೂ ನಿಂತಿದ್ದರೆ ಮುಗಿದಂತೆ. ನೀರಿನಲ್ಲಿ ಮುಳುಗಿಸುವುದು, ಚೀಲ ಕಟ್ಟಿ ಉಸಿರುಗಟ್ಟಿಸುವುದು, ಫ್ರೀಜರಿನಲ್ಲಿಡುವುದು, ತೋಟದಾಚೆ ಎಸೆದು ಬರುವುದು, ಇವು ಯಾವುವೂ ಬೇಡ.

ನಮ್ಮ ಲೈನ್‌ಮನೆಯ (ತೋಟದ ಕೆಲಸಗಾರರ ಸಾಲುಮನೆ) ಹುಡುಗ ತಾನೇ ಎರಡು ರಾತ್ರಿ ಬಾಟಲಿ ಬದಲಿಸಿದ್ದ ಮರಿಯ ಬಗ್ಗೆ "ಅಕ್ಕಾ, ಮಲಗಿದ್ಯಾ ಅದು?" ಎಂದು ಕೇಳಿದ. "ಇಲ್ಲ ಮಗಾ, ಸತ್ತೋಯ್ತು. ತುಂಬ ನೋವಿತ್ತು, ನಾವೇ ಕಳಿಸಿಕೊಟ್ವಿ" ಎಂದೆ. ಅತ್ತ. ಆಮೇಲೆ ಗುಂಡಿ ತೋಡಲು ತಾನೇ ಗುದ್ದಲಿ ತಂದ. ಮಕ್ಕಳಿಗೆ ಸುಳ್ಳು ಹೇಳಬೇಡಿ.

ಹೆಜ್ಜೆ 7: ಹೂಳುವುದು

ಕಾಯಿಲೆಯ ಮರಿಯನ್ನು ನಾಯಿಗೂ ಹಾಕಬಾರದು, ಹೊಳೆಗೂ ಬಿಡಬಾರದು. ನಮ್ಮ ತೋಡುಗಳೆಲ್ಲ ಇಳಿದು ಹೋಗುವುದು ಹೆಚ್ಚಾಗಿ ಕಾವೇರಿಗೆ. ಬಾವಿ, ತೋಡಿನಿಂದ ದೂರ, ಮೂರಡಿ ಆಳ, ಮೇಲೆ ಸುಣ್ಣ, ಅದರ ಮೇಲೆ ಕಲ್ಲು. ಕಲ್ಲಿಲ್ಲದಿದ್ದರೆ ರಾತ್ರಿ ಹಂದಿ ಕೆದಕುತ್ತದೆ. ಒಂದೆರಡು ದಿನದಲ್ಲಿ ಹಲವು ಕೋಳಿ ಒಟ್ಟಿಗೇ ಸತ್ತರೆ ಮಾತ್ರ ನೀವೇ ಹೂಳಬೇಡಿ, ಬರಿಗೈಯಲ್ಲಿ ಮುಟ್ಟಲೂ ಬೇಡಿ. ಪಶುಪಾಲನಾ ಇಲಾಖೆಗೆ ತಿಳಿಸಿ. 2020ರ ಮಾರ್ಚ್‌ನಲ್ಲಿ ಪಕ್ಕದ ಮೈಸೂರಿನಲ್ಲೇ ಹಕ್ಕಿಜ್ವರ ಕಾಣಿಸಿಕೊಂಡಿತ್ತು.

ಪೆಟ್ಟಿಗೆ, ಬಟ್ಟೆ ಸುಟ್ಟುಬಿಡಿ. ಗೂಡಿನ ಒದ್ದೆ ಹೊಟ್ಟನ್ನೆಲ್ಲ ಎತ್ತಿ, ನೆಲಕ್ಕೆ ಸುಣ್ಣ ಎರಚಿ, ಒಣ ಹೊಟ್ಟು ಹಾಸಿ. ಅವತ್ತು ಸಂಜೆ ಮರಿಗಳು ಹೇಂಟೆಯ ರೆಕ್ಕೆಯಡಿ ಸೇರುವಾಗ ಒಂದೊಂದನ್ನೇ ಎತ್ತಿ, ಕತ್ತಿನ ಬುಡದಲ್ಲಿರುವ ಮೇವಿನ ಚೀಲವನ್ನು ಹೆಬ್ಬೆರಳಲ್ಲಿ ಮುಟ್ಟಿ ನೋಡಿ. ಮೇದ ಮರಿಯದು ತುಂಬಿ ಉಬ್ಬಿರುತ್ತದೆ. ಚಪ್ಪಟೆಯಾಗಿರುವ ಮರಿಯನ್ನು ಬೆಳಗಾಗಲಿ ಎಂದು ಕಾಯದೆ ಅವತ್ತೇ ರಾತ್ರಿ ಒಳಗೆ ತನ್ನಿ.