ಮಗು ತಾನೇ ಅಂಗಿ ತೊಡಲು ಕಲಿಯುವಾಗ

‘ನಾನೇ ಹಾಕ್ಕೋತೀನಿ’ ಎಂದು ಮೂರು ವರ್ಷದ ಮಗು ಅಂಗಿಯನ್ನು ಕಸಿದುಕೊಳ್ಳತೊಡಗಿದರೆ, ಬೆಳಗ್ಗೆ ಹತ್ತು ನಿಮಿಷ ಮುಂಚಿತವಾಗಿ ಎಬ್ಬಿಸಿ ಅದಕ್ಕೆ ಬೇಕಾದ ಸಮಯ ಕೊಡಿ. ದೊಡ್ಡ ಗುಂಡಿಗಳ ಅಂಗಿಯನ್ನು ಆರಿಸಿಕೊಂಡು, ಗುಂಡಿಯನ್ನು ಕಾಜದೊಳಗೆ ನೀವೇ ಅರ್ಧ ತೂರಿಸಿ, ಆಚೆಯಿಂದ ಎಳೆಯುವ ಕೆಲಸವನ್ನಷ್ಟೇ ಮೊದಲು ಮಗುವಿಗೆ ಬಿಡಬೇಕು. ಅದು ರೂಢಿಯಾದ ಮೇಲೆ ತೂರಿಸುವುದನ್ನು ಕಲಿಸಬಹುದು. ಕೆಳಗಿನ ಗುಂಡಿಯಿಂದ ಆರಂಭಿಸಿದರೆ ಮಗುವಿಗೆ ತನ್ನ ಬೆರಳುಗಳು ಕಾಣುತ್ತವೆ.

ನಡುವೆ ಕೈ ಹಾಕಬಾರದೆಂದು ಅಜ್ಜಿಯನ್ನು ಒಪ್ಪಿಸುವುದು, ನನ್ನ ಅನುಭವದಲ್ಲಿ, ಮಗುವಿಗೆ ಕಲಿಸುವುದಕ್ಕಿಂತ ಕಷ್ಟ.

ಹಾಗೆಯೇ ನೀರನ್ನೂ ಮಗು ತಾನೇ ಕುಡಿಯುವಂತೆ, ಪುಟ್ಟ ಚೊಂಬನ್ನು ಅರ್ಧ ತುಂಬಿಸಿ ಕೈಗೆಟುಕುವಲ್ಲಿಡಿ, ಒರೆಸುವ ಬಟ್ಟೆಯೂ ಪಕ್ಕದಲ್ಲಿರಲಿ. ಒಲೆಯ ಬಳಿ, ತುಂಬಿದ ಬಕೆಟ್ಟಿರುವ ಬಚ್ಚಲಿನಲ್ಲಿ ಮಾತ್ರ ಒಂಟಿಯಾಗಿ ಬಿಡಬೇಡಿ.

ಅಂಗಿ ತಿರುಗುಮುರುಗಾದರೂ ಕೂಡಲೇ ತಿದ್ದಬೇಡಿ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನನ್ನ ಮಗಳು ಹೊಲಿಗೆ ಹೊರಗೆ ಕಾಣುವಂತೆಯೇ ನಡೆದಳು. ಜೇಬು ಹುಡುಕುವಾಗ ತಾನಾಗಿಯೇ ಗಮನಿಸಿದಳು.