ಆಡೋ ಹುಡುಗರಿಗೆ ಜಾಹೀರಾತು ಬಂದ್ರ ಏನ್ ನೋಡ್ಬೇಕು

ಧಾರವಾಡದ ಆರ್.ಎನ್. ಶೆಟ್ಟಿ ಸ್ಟೇಡಿಯಮ್‌ನ್ಯಾಗ ಓಡೋರು, ಗದಗಿನ ಸೈಕಲ್ ಹುಡುಗರು, ಹಾವೇರಿ ಕಡೆ ಗರಡಿ ಪೈಲ್ವಾನರು, ಎಲ್ಲಾರೂ ಈಗ ಇನ್‌ಸ್ಟಾಗ್ರಾಮ್‌ನ್ಯಾಗ ಅದಾರ. ಅಲ್ಲಿ ಜಾಹೀರಾತು ಮಾಡಿದ್ರ ಬೂಟಿನ ಖರ್ಚು, ಬಸ್ ಚಾರ್ಜ್ ಆದ್ರೂ ಹುಟ್ಟತೈತಿ. ಅಮೆರಿಕದ ಕಾಲೇಜ್ ಆಟಗಾರರಿಗೆ ಅಲ್ಲಿನ ಕಾಲೇಜ್ ಕ್ರೀಡಾ ಸಂಸ್ಥೆ ಎನ್‌ಸಿಎಎ ಇಂಥಾ ಗಳಿಕಿಗೆ ಅವಕಾಶ ಕೊಟ್ಟಿದ್ದ 2021ರ ಜುಲೈಯಿಂದ.

ದೊಡ್ಡ ಕಂಪನಿ ದಾರಿ ಕಾಯಬ್ಯಾಡ್ರಿ. ಊರಾಗಿನ ಸ್ಪೋರ್ಟ್ಸ್ ಅಂಗಡಿ, ಜಿಮ್, ಖಾನಾವಳಿಗೆ ಹೋಗಿ ಕೇಳ್ರಿ. ಎಷ್ಟು ರೀಲ್ಸ್, ಎಷ್ಟು ರೊಕ್ಕ, ನಿಮ್ಮ ಫೋಟೋ ಎಷ್ಟು ತಿಂಗಳು ಬಳಸ್ತಾರ ಅನ್ನೂದನ್ನ ಕಾಗದದ ಮ್ಯಾಲ ಬರಸ್ಕೊಳ್ರಿ. 18 ತುಂಬಿಲ್ಲಾಂದ್ರ ನಿಮ್ಮ ಸಹಿ ನಡಿಯಂಗಿಲ್ಲ, ಅಪ್ಪ-ಅವ್ವ ಮುಂದ ಬರಬೇಕು. ಬೂಟು ಪುಕ್ಕಟೆ ಕೊಟ್ಟಿದ್ರೂ ರೀಲ್‌ನ್ಯಾಗ 'ಜಾಹೀರಾತು' ಅಂತ ಹಾಕೂದು ಕಡ್ಡಾಯ.

ನನಗ ಖರೇ ಹೆದರಿಕಿ ಇರೂದು ಪ್ರೋಟೀನ್ ಡಬ್ಬಿದು. ಪೈಲ್ವಾನರಿಗೆ ಮೊದಲ ಬರೂ ಆಫರ್ ಬಹಳ ಸಲ ಅದ. ಡಬ್ಬಿ ಮ್ಯಾಲ ಬರೀದ ಇರೂ ಸ್ಟಿರಾಯ್ಡ್ ಒಳಗಿದ್ದು, ಡೋಪಿಂಗ್ ತಡಿಯೂ ಸಂಸ್ಥೆ ನಾಡಾದ ಪರೀಕ್ಷೆನ್ಯಾಗ ಸಿಕ್ಕರ, 'ನನಗ ಗೊತ್ತಿರ್ಲಿಲ್ರೀ' ಅಂದ್ರ ಬಿಡಂಗಿಲ್ಲ. ಮೈಯಾಗ ಏನ್ ಹೋದ್ರೂ ಹೊಣಿ ಆಟಗಾರಂದ. ನಾಲ್ಕು ವರ್ಷ ನಿಷೇಧ ಆದ್ರ ಕುಸ್ತಿ ಅಲ್ಲಿಗೇ ಮುಗೀತು. ಕಂಪನಿಯವರು ಬಂದು ನಿಮ್ಮ ಪರ ನಿಲ್ಲತಾರೇನು?

ಬೆಟ್ಟಿಂಗ್ ಆ್ಯಪ್‌ನವರು ಎಷ್ಟ ಕೊಡ್ತೀನಿ ಅಂದ್ರೂ ಬ್ಯಾಡ. 2025ರ ಕಾಯ್ದೆದಾಗ ರೊಕ್ಕ ಕಟ್ಟೂ ಆನ್‌ಲೈನ್ ಆಟದ ಜಾಹೀರಾತಿಗೆ 2 ವರ್ಷತನಕ ಜೈಲು ಐತಿ.

ಮತ್ತ ರಾಜ್ಯ ತಂಡದ ಜರ್ಸಿ ಹಾಕ್ಕೊಂಡು ರೀಲ್ ಮಾಡೂ ಮುಂಚೆ ನಿಮ್ಮ ಕೋಚ್ ಸರ್‌ನ ಒಂದ್ ಮಾತು ಕೇಳ್ರಿ.